ಮೆಟ್ಟಿಲ ಪಕ್ಕದ ಜುನಿಪರ್

ಮಾರ್ಚ್ 18

ಮಗಳ ಮನೆಗೆ ಬಂದು ಎರಡು ದಿನವಾಯಿತು. ವರ್ಜೀನಿಯಾದ ಲೌಡನ್ ಕೌಂಟಿ, ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ. ನಿದ್ದೆ ಇನ್ನೂ ಕುಶಾಲನಗರದಲ್ಲೇ ಇದೆ. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ, ಬೆಳಕು ಹರಿಯುವುದನ್ನೇ ಕಾದು ಶಾಲು ಹೊದ್ದು ಹೊರಗೆ ಬಂದೆ. ಕಾರು ನಿಲ್ಲಿಸುವ ಇಳಿಜಾರಿನ ಉದ್ದಕ್ಕೂ ನೆಲಕ್ಕಂಟಿಕೊಂಡು ಕಂಬಳಿಯಂತೆ ಹಬ್ಬಿದ ಒಂದು ಗಿಡ. ಬಣ್ಣ ನೇರಳೆ ಬೆರೆತ ಕಂದು. ಸತ್ತುಹೋಗಿದೆ, ಪಾಪ, ಚಳಿ ಸುಟ್ಟಿದೆ ಎಂದುಕೊಂಡೆ. ಒಂದು ಎಳೆ ಬಗ್ಗಿಸಿ ನೋಡಿದರೆ ಮುರಿಯಲಿಲ್ಲ. ಉಗುರಿನಿಂದ ಕೆರೆದರೆ ಸಿಪ್ಪೆಯ ಕೆಳಗೆ ಹಸಿರು.

ಸತ್ತ ಬಣ್ಣ, ಬದುಕಿರುವ ಸಿಪ್ಪೆ. ಇದನ್ನು ಹೇಗೆ ಬರೆದುಕೊಳ್ಳುವುದು?

ಮಗಳನ್ನು ಕೇಳಿದೆ. "ಜುನಿಪರ್ ಅಮ್ಮಾ. ಮನೆ ಕೊಂಡಾಗಲೇ ಇತ್ತು. ಚಳಿಗಾಲಕ್ಕೆ ಹಾಗೇ ಆಗುತ್ತೆ, ಮತ್ತೆ ಹಸಿರಾಗುತ್ತೆ" ಎಂದಳು.

ಮಾರ್ಚ್ 21

ಅದೇ ಕುಲದ ಇನ್ನೊಂದು, ಬಾಗಿಲ ಮುಂದಿನ ಮೆಟ್ಟಿಲ ಪಕ್ಕದಲ್ಲಿ. ಇದು ಹಾಸುವುದಲ್ಲ, ಪೊದೆ. ನನ್ನ ಭುಜದೆತ್ತರ ಇದೆ, ಎತ್ತರಕ್ಕಿಂತ ಅಗಲ ಹೆಚ್ಚು. ಕೊಂಬೆಗಳು ಬುಡದಿಂದ ಓರೆಯಾಗಿ ಚಾಚಿ ತುದಿಯಲ್ಲಿ ಬಾಗಿವೆ. ಎರಡು ಮೆಟ್ಟಿಲು ಅದರ ಅಡಿಯಲ್ಲೇ ಮುಚ್ಚಿಹೋಗಿವೆ.

ಹತ್ತಿರ ಹೋಗಿ ಎಲೆ ನೋಡಿದೆ. ಒಂದು ಕೊಂಬೆಯಲ್ಲಿ ಎಲೆಗಳು ಸೂಜಿ, ಕೈಗೆ ಚುಚ್ಚುತ್ತವೆ. ಪಕ್ಕದ ಕೊಂಬೆಯಲ್ಲಿ ಎಲೆಯೇ ಇಲ್ಲವೆನ್ನಬೇಕು: ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿಕೊಂಡ ಸಣ್ಣ ಸಣ್ಣ ಹಸಿರು ಚಕ್ಕೆಗಳು, ಸವರಿದರೆ ಮೆತ್ತಗೆ. ಎರಡು ಗಿಡ ಹೆಣೆದುಕೊಂಡಿವೆಯೇನೋ ಎಂದು ಬುಡದವರೆಗೆ ಬೆರಳು ಇಳಿಸಿದೆ. ಒಂದೇ ಗಿಡ.

ಮೂವತ್ತೆರಡು ವರ್ಷ ಮಕ್ಕಳಿಗೆ "ಸೂಚಿಪರ್ಣಿ ಮರಗಳ ಎಲೆ ಸೂಜಿಯಂತಿರುತ್ತದೆ, ಮರ ಶಂಕುವಿನಾಕಾರ ಇರುತ್ತದೆ" ಎಂದು ಹೇಳಿಕೊಟ್ಟವಳು ನಾನು. ಹೇಳುವಾಗ ಅಂಥದ್ದೊಂದನ್ನು ಸರಿಯಾಗಿ ಮುಟ್ಟಿ ನೋಡಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಸೂಚಿಪರ್ಣಿ ಬಂಧು ಒಂದೇ ಒಂದು, ನಗೇಯ ವಾಲಿಚಿಯಾನ. ಅದರ ಎಲೆಯೋ ಸೂಜಿಯೇ ಅಲ್ಲ, ಅಗಲ. ಇಲ್ಲಿ ಒಂದೇ ಗಿಡ ಎರಡು ಎಲೆ ಬಿಟ್ಟು ನನ್ನ ಪಾಠವನ್ನು ಅರ್ಧ ಸರಿ, ಅರ್ಧ ತಪ್ಪು ಮಾಡಿಟ್ಟಿದೆ.

ರಾತ್ರಿ ಅಳಿಯ ಹುಡುಕಿಕೊಟ್ಟ. ಸೂಜಿ ಎಲೆ ಬಾಲ್ಯದ್ದು, ಚಕ್ಕೆ ಎಲೆ ಪ್ರಾಯದ್ದು. ಹೆಚ್ಚಿನ ಜುನಿಪರ್‌ಗಳು ಎಳೆಯದಿದ್ದಾಗ ಸೂಜಿ ಬಿಟ್ಟು ಬೆಳೆದ ಮೇಲೆ ಚಕ್ಕೆಗೆ ತಿರುಗುತ್ತವೆ. ಚೀನಾ ಜುನಿಪರ್ ಸಾಮಾನ್ಯವಾಗಿ ದೊಡ್ಡದಾದ ಮೇಲೂ ಎರಡನ್ನೂ ಇಟ್ಟುಕೊಳ್ಳುತ್ತದೆ. ಈ ಪೊದೆ ಆ ಚೀನಾ ಜುನಿಪರ್ ಮತ್ತು ಯುರೋಪಿನ ಸಬೀನಾ ಜುನಿಪರ್ ಕೂಡಿ ಹುಟ್ಟಿದ ಮಿಶ್ರತಳಿ. ಹೆಸರು ಫಿಟ್ಸರ್. 19ನೇ ಶತಮಾನದ ಕೊನೆಗೆ ಬರ್ಲಿನ್ನಿನ ಷ್ಪೇತ್ ನರ್ಸರಿ ಇದನ್ನು ಮಾರುಕಟ್ಟೆಗೆ ತಂದಿತು. ಸ್ಟಟ್‌ಗಾರ್ಟಿನ ವಿಲ್ಹೆಲ್ಮ್ ಫಿಟ್ಸರ್ ಎಂಬ ಇನ್ನೊಬ್ಬ ನರ್ಸರಿಯವರ ಹೆಸರಿಟ್ಟಿತು. ಅಮೆರಿಕದ ಮನೆಗಳ ಮುಂದೆ ಇದಿಲ್ಲದ ಬೀದಿ ಕಡಿಮೆಯಂತೆ.

ಮಾರ್ಚ್ 28

ನಾಡಿದ್ದು ಯುಗಾದಿ. ಮೆಟ್ಟಿಲ ಮೇಲೆ ರಂಗೋಲಿ ಬಿಡಬೇಕೆಂದರೆ ಜಾಗವೇ ಇಲ್ಲ. ಗ್ಯಾರೇಜಿನಲ್ಲಿ ದೊಡ್ಡ ಕತ್ತರಿ ಸಿಕ್ಕಿತು. ಮೆಟ್ಟಿಲ ಕಡೆ ಚಾಚಿದ ಕೊಂಬೆಗಳನ್ನೆಲ್ಲ ಚೆನ್ನಾಗಿ ಒಳಕ್ಕೆ, ಹೆಬ್ಬೆರಳು ಗಾತ್ರದ ಕಟ್ಟಿಗೆಯವರೆಗೆ ಕತ್ತರಿಸಿ ತೆಗೆದೆ. ಒಂದು ಮುಕ್ಕಾಲು ಗಂಟೆ ಕೆಲಸ. ಒಳಗೆ ನೋಡಿದರೆ ಹಸಿರೇ ಇಲ್ಲ. ಹೊರಗಿನ ಒಂದು ಗೇಣು ಮಾತ್ರ ಎಲೆ. ಒಳಗೆಲ್ಲ ಬೋಳು ಕಡ್ಡಿ, ಕಂದು ಪುಡಿ, ಹಳೆಯ ಹಕ್ಕಿಗೂಡು. ಬಿಸಿಲು ಕಾಣದೆ ಹಾಗಾಗಿದೆ, ಈಗ ಬೆಳಕು ಬಿತ್ತಲ್ಲ, ತಿಂಗಳಲ್ಲಿ ಚಿಗುರುತ್ತದೆ ಎಂದುಕೊಂಡೆ.

ಹೀಗೆ ಅಂದುಕೊಳ್ಳುವುದಕ್ಕೆ ನನಗೆ ಕಾರಣವಿತ್ತು. ಸುಂಟಿಕೊಪ್ಪದ ಹತ್ತಿರ ತವರು. ಅಪ್ಪ ಹಳೆಯ ಕಾಫಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕೊಯ್ದುಬಿಡುತ್ತಿದ್ದರು. ಮಳೆ ಬಿದ್ದದ್ದೇ ಬೊಡ್ಡೆಯ ಸುತ್ತ ಕಂಬಚಿಗುರು ಕಿತ್ತುಕೊಂಡು ಏಳುತ್ತಿತ್ತು. ಅದರಲ್ಲಿ ಒಂದೆರಡನ್ನು ಉಳಿಸಿ ಮಿಕ್ಕದ್ದು ಚಿವುಟುವುದೇ ನಮಗೆ ಕೆಲಸ. ಹಾಲುವಾಣದ ಗೂಟ ನೆಟ್ಟರೆ ಗೂಟವೇ ಮರವಾಗುತ್ತದೆ. ದಾಸವಾಳ, ಕಣಗಿಲೆ, ನುಗ್ಗೆ, ಯಾವುದನ್ನು ಕಡಿದರೆ ಚಿಗುರುವುದಿಲ್ಲ?

ಕತ್ತರಿಸುವಾಗ ಎದ್ದ ವಾಸನೆಯ ಬಗ್ಗೆ ಬರೆಯಬೇಕು. ಮೊದಲು ಪೆನ್ಸಿಲ್ ನೆನಪಾಯಿತು. ಒಳ್ಳೆಯ ಪೆನ್ಸಿಲ್ ಹೆರೆದಾಗ ಬರುವ ಸಿಹಿಗಂಪು. ಆಮೇಲೆ ಅದರ ಹಿಂದಿನಿಂದ ಇನ್ನೊಂದು ಬಂತು, ಅದನ್ನು ಎಲ್ಲಿ ಮೂಸಿದ್ದೆ ಎಂದು ಸಂಜೆಯಾದರೂ ತಿಳಿಯಲಿಲ್ಲ.

ಮಾರ್ಚ್ 30, ಯುಗಾದಿ

ಮೊಣಕೈವರೆಗೆ ಕೆಂಪು ಗುಳ್ಳೆ, ತುರಿಕೆ. ಸೂಜಿ ಎಲೆ ಚುಚ್ಚಿದ ಗುರುತು. ತೋಳು ಮುಚ್ಚುವ ಅಂಗಿ, ಕೈಗವಸು ಹಾಕದೆ ಜುನಿಪರ್ ಮುಟ್ಟಬಾರದು. ತೆಂಗಿನೆಣ್ಣೆ ಹಚ್ಚಿಕೊಂಡೆ.

ನಮ್ಮ ಯಜಮಾನರು ಬಂದಾಗಿನಿಂದ ಒಂದೇ ಸಮ ಸೀನುತ್ತಿದ್ದಾರೆ. ಅದೂ ಇದರ ಬಂಧುವಿನದೇ ಕೆಲಸ. ಹಿತ್ತಲ ಬೇಲಿಯಲ್ಲಿರುವ ಕೆಂಪು ಸೀಡರ್ ಎಂಬ ಮರ ಹೆಸರಿಗೆ ಸೀಡರ್, ಕುಲದಲ್ಲಿ ಜುನಿಪರ್. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಚಳಿ ಮುಗಿಯುವ ಹೊತ್ತಿಗೆ ಗಂಡು ಮರ ಹಳದಿ ಪರಾಗದ ಹೊಗೆ ಬಿಡುತ್ತದೆ. ಕೊಂಬೆ ಅಲುಗಿಸಿದರೆ ಸುಣ್ಣ ಕೊಡವಿದ ಹಾಗೆ.

ವಾಸನೆ ಸಿಕ್ಕಿತು! ಒಬ್ಬಟ್ಟು ಬೇಯಿಸುತ್ತಿದ್ದಾಗ ಹೊಳೆಯಿತು. ಬೈಲುಕುಪ್ಪೆ. ಕಾವೇರಿ ದಾಟಿದರೆ ನಮಗೆ ಅದು ಪಕ್ಕದೂರು. 1960ರ ಸುಮಾರಿನಿಂದ ಟಿಬೆಟಿನವರು ನೆಲೆಸಿದ ಜಾಗ. ಅವರ ಹೊಸ ವರ್ಷ ಲೋಸರ್ ದಿನ ಬೆಳಿಗ್ಗೆ ಮನೆ ಮುಂದಿನ ಮಣ್ಣಿನ ಒಲೆಯಂಥದ್ದರಲ್ಲಿ ಹಸಿರು ಸೊಪ್ಪು ಸುಟ್ಟು ಬಿಳಿ ಹೊಗೆ ಎಬ್ಬಿಸುತ್ತಾರೆ. ಏನದು ಎಂದು ಒಮ್ಮೆ ಸ್ವೆಟರ್ ಮಾರುವ ಅಜ್ಜಿಯನ್ನು ಕೇಳಿದ್ದೆ. "ಶುಕ್ಪಾ" ಎಂದಿದ್ದರು. ಹಿಮಾಲಯದಿಂದ ತರಿಸಿದ್ದು ಎಂದಿದ್ದರು. ಶುಕ್ಪಾ ಎಂದರೆ ಜುನಿಪರ್. ಅವರು ಹೊಸ ವರ್ಷಕ್ಕೆ ದೂರದಿಂದ ತರಿಸಿ ಹಿಡಿಹಿಡಿಯಾಗಿ ಸುಡುವುದನ್ನು ನಾನು ನಮ್ಮ ಹೊಸ ವರ್ಷಕ್ಕೆ ಎರಡು ಚೀಲ ತುಂಬಿ ಕಸಕ್ಕೆ ಹಾಕಿದ್ದೇನೆ. ಎದ್ದು ಹೋಗಿ ಒಂದು ಕೊಂಬೆಯನ್ನು ಚೀಲದಿಂದ ತೆಗೆದು ದೇವರ ಮುಂದೆ ಇಟ್ಟೆ.

ನಮ್ಮ ಆಯುರ್ವೇದದ ಹಪುಷಾ ಎಂಬುದು ಇದೇ ಕುಲದ ಸಾಮಾನ್ಯ ಜುನಿಪರಿನ ಕಾಯಿ. ಹೆಸರು ಗೊತ್ತಿತ್ತು, ಗಿಡ ಗೊತ್ತಿರಲಿಲ್ಲ.

ಏಪ್ರಿಲ್ 9

ಇಳಿಜಾರಿನ ಕಂಬಳಿ ಬಣ್ಣ ಬದಲಿಸುತ್ತಿದೆ. ನೇರಳೆ ಬುಡದಿಂದ ತುದಿಯ ಕಡೆ ಸರಿಯುತ್ತಿದೆ, ಹಿಂದಿನಿಂದ ಬೂದು ಕಲೆತ ನೀಲಿ ಹಸಿರು ಬರುತ್ತಿದೆ. ಒಂದೇ ಎಲೆ, ಉದುರಿಲ್ಲ, ಹೊಸದು ಬಂದಿಲ್ಲ. ಅದೇ ಎಲೆ ಬಣ್ಣ ಬಿಟ್ಟು ಬಣ್ಣ ಉಡುತ್ತಿದೆ.

ಇದರ ಹೆಸರು ಬ್ಲೂ ರಗ್, ಅಂದರೆ ನೀಲಿ ಜಮಖಾನ. ಮೂಲ ಮೇನ್ ರಾಜ್ಯದ ವಿನಲ್‌ಹೇವನ್ ದ್ವೀಪ. 1914ರಲ್ಲಿ ಅಲ್ಲಿ ಕಡಲಂಚಿನಲ್ಲಿ ಹಬ್ಬಿದ್ದ ಒಂದು ಗಿಡವನ್ನು ಕನೆಕ್ಟಿಕಟ್ಟಿನ ನರ್ಸರಿಯವರೊಬ್ಬರು ಗುರುತಿಸಿ ತಂದರು. ಎತ್ತರ ಒಂದು ಗೇಣು ಮೀರುವುದಿಲ್ಲ, ಅಗಲ ಎಂಟು ಅಡಿಯವರೆಗೆ ಹೋಗುತ್ತದೆ. ಬೀಜದಿಂದ ಮಾಡಿದರೆ ಗುಣ ಕೆಡುತ್ತದೆಂದು ತುಂಡು ನೆಟ್ಟೇ ಬೆಳೆಸಿಕೊಂಡು ಬಂದಿದ್ದಾರೆ. ಹಾಗಾದರೆ ನಮ್ಮ ಇಳಿಜಾರಿನಲ್ಲಿರುವುದು ಆ ದ್ವೀಪದ ಗಿಡದ ಮಗುವೋ, ಅಥವಾ ಆ ಗಿಡವೇ ಇಷ್ಟು ದೂರ ಹಬ್ಬಿ ಬಂದಿದೆಯೋ?

ಏಪ್ರಿಲ್ 12

ಮೆಟ್ಟಿಲ ಕಡೆ ಚಿಗುರಿಲ್ಲ.

ಏಪ್ರಿಲ್ 16

ಎರಡು ದಿನ ಬೆಚ್ಚಗಿನ ಜಿಟಿಜಿಟಿ ಮಳೆ. ಇಂದು ಹಿತ್ತಲ ಬೇಲಿಯ ಕೆಂಪು ಸೀಡರ್ ನೋಡಿ ಮೊಮ್ಮಗಳು ಕೂಗಿಕೊಂಡಳು. ಮರ ತುಂಬ ಕಿತ್ತಳೆ ಬಣ್ಣದ ಉಂಡೆಗಳು. ಒಂದೊಂದು ಉಂಡೆಯಿಂದಲೂ ಲೋಳೆಯಂಥ ಕೊಂಬುಗಳು ನಾಲ್ಕೂ ಕಡೆ ಇಳಿಬಿದ್ದಿವೆ. ಮುಟ್ಟಿದರೆ ತಣ್ಣಗೆ, ಜೆಲ್ಲಿ. ನಿನ್ನೆ ಅಲ್ಲಿ ಇದ್ದದ್ದು ಗೋಲಿ ಗಾತ್ರದ ಕಂದು ಗಂಟುಗಳು ಮಾತ್ರ. ಅದನ್ನು ನಾನು ಮರದ ಕಾಯಿ ಎಂದೇ ತಿಳಿದಿದ್ದೆ.

ಬೇಲಿಯಾಚೆಯ ಮನೆಯ ಹಿರಿಯರು ನಮ್ಮ ಗದ್ದಲ ಕೇಳಿ ಬಂದರು. ಎಂಬತ್ತರ ಹತ್ತಿರದವರು, ತೋಟದವರ ಮನೆಯಲ್ಲಿ ಹುಟ್ಟಿದವರು. ಇದು ಸೀಡರ್–ಸೇಬು ತುಕ್ಕು ಎಂದರು. ತುಕ್ಕು ಎಂದ ಕೂಡಲೇ ನನಗೆ ಅಪ್ಪನ ಅರೇಬಿಕಾ ಗಿಡಗಳ ಎಲೆ ಅಡಿಯ ಕಿತ್ತಳೆ ಪುಡಿ, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವ ಸಡಗರ ಕಣ್ಣಮುಂದೆ ಬಂತು. ಅದೇ ಬಣ್ಣ, ಅದೇ ಶಿಲೀಂಧ್ರಗಳ ಬಳಗ. ಆದರೆ ಈ ತುಕ್ಕಿನ ಬಾಳು ಕಾಫಿ ತುಕ್ಕಿನಂತಲ್ಲ. ಇದಕ್ಕೆ ಎರಡು ಮನೆ ಬೇಕು. ಜುನಿಪರಿನ ಗಂಟಿನಿಂದ ವಸಂತದ ಮಳೆಯಲ್ಲಿ ಹೊರಟ ಬೀಜಾಣು ಇನ್ನೊಂದು ಜುನಿಪರಿಗೆ ಹತ್ತುವುದಿಲ್ಲ, ಸೇಬಿನ ಎಲೆಗೇ ಹೋಗಬೇಕು. ಸೇಬಿನ ಎಲೆಯಲ್ಲಿ ಬೆಳೆದದ್ದು ಬೇಸಿಗೆಯ ಕೊನೆಗೆ ಇನ್ನೊಂದು ಸೇಬಿಗೆ ಹತ್ತುವುದಿಲ್ಲ, ಜುನಿಪರಿಗೇ ಮರಳಬೇಕು. ಒಂದು ಸುತ್ತು ಮುಗಿಯಲು ಸುಮಾರು ಎರಡು ವರ್ಷ.

ಎರಡರಲ್ಲಿ ಒಂದನ್ನು ಇಲ್ಲವಾಗಿಸಿದರೆ ರೋಗವೂ ಇಲ್ಲ, ಅಲ್ಲವೆ ಎಂದೆ. ಅದನ್ನೇ ಮಾಡಲು ಹೊರಟಿದ್ದರು ಎಂದರು ಹಿರಿಯರು.

ಏಪ್ರಿಲ್ 17

ಅವರು ಹೇಳಿದ್ದನ್ನು ಇಂದು ಓದಿ ಖಚಿತಪಡಿಸಿಕೊಂಡೆ. 1914ರಲ್ಲಿ ವರ್ಜೀನಿಯಾ ಸೀಡರ್ ತುಕ್ಕು ಕಾಯಿದೆ ಮಾಡಿತು. ಸೇಬಿನ ತೋಟದಿಂದ ನಿಗದಿತ ದೂರದೊಳಗೆ ತುಕ್ಕಿಗೆ ಆಸರೆಯಾಗುವ ಕೆಂಪು ಸೀಡರ್ ಇಟ್ಟುಕೊಳ್ಳುವಂತಿರಲಿಲ್ಲ. ಹತ್ತು ಮಂದಿ ಜಮೀನುದಾರರು ಬರೆದು ಕೇಳಿಕೊಂಡರೆ ರಾಜ್ಯದ ಕೀಟತಜ್ಞರು ಬಂದು ತನಿಖೆ ಮಾಡಿ ಕಡಿಸಬಹುದಿತ್ತು. ಶೆನಂಡೋವಾ ಕೌಂಟಿಯಲ್ಲಿ ಮನೆಯ ಅಂದಕ್ಕೆಂದು ಸೀಡರ್ ಬೆಳೆಸಿಕೊಂಡಿದ್ದ ಮಿಲ್ಲರ್ ಕುಟುಂಬ ಒಪ್ಪದೆ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ಕಡಿಯುವ ಖರ್ಚಿಗೆ 100 ಡಾಲರ್ ಕೊಡಿಸಿತು, ಮರದ ದಿಮ್ಮಿ ನೀವೇ ಇಟ್ಟುಕೊಳ್ಳಿ ಎಂದಿತು. ನಿಂತ ಮರದ ಬೆಲೆಗೆ ಏನೂ ಇಲ್ಲ. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಏರಿ, 1928ರಲ್ಲಿ ಸೇಬಿನ ಪರವಾಗಿ ತೀರ್ಮಾನವಾಯಿತು. ಒಂದು ಆಸ್ತಿ ಉಳಿಯಬೇಕಾದರೆ ಇನ್ನೊಂದು ಹೋಗಲೇಬೇಕಾದ ಕಡೆ ರಾಜ್ಯ ಆರಿಸಿಕೊಳ್ಳಬಹುದು, ಜನಕ್ಕೆ ಹೆಚ್ಚು ಬೆಲೆಯುಳ್ಳದ್ದನ್ನು ಉಳಿಸಬಹುದು ಎಂಬುದು ಅದರ ಸಾರ.

ಸೇಬು ಹಲವರ ಅನ್ನ, ಒಪ್ಪುತ್ತೇನೆ. ಆದರೂ ಗಂಟುಗಳಿಂದ ಜುನಿಪರಿಗೇನೂ ಅಂಥ ಹಾನಿಯಿಲ್ಲವಂತೆ. ಅದು ಸುಮ್ಮನೆ ಹೊತ್ತುಕೊಂಡು ನಿಂತಿರುತ್ತದೆ. ತನಗೆ ನೋವಾಗದ ರೋಗಕ್ಕಾಗಿ ಕಡಿಸಿಕೊಳ್ಳುವ ಮರದ ವಿಷಯ ಇಡೀ ಸಂಜೆ ತಲೆಯಲ್ಲಿ ಉಳಿಯಿತು.

1914 ಈ ಪುಸ್ತಕದಲ್ಲಿ ಎರಡನೆಯ ಸಲ ಬಂತು.

ಏಪ್ರಿಲ್ 27

ಸುತ್ತ ಎಲ್ಲವೂ ಚಿಗುರಿವೆ. ಮೇಪಲ್, ಗುಲಾಬಿ, ಬೇಲಿಯ ಹೆಸರು ಗೊತ್ತಿಲ್ಲದ ಪೊದೆಗಳು. ಫಿಟ್ಸರಿನ ಹಸಿರು ಉಳಿದ ಕಡೆಯಲ್ಲೂ ತುದಿಗಳು ಎಳೆ ಬಣ್ಣಕ್ಕೆ ತಿರುಗಿವೆ. ಮೆಟ್ಟಿಲ ಕಡೆ ಮಾತ್ರ ಕತ್ತರಿಸಿದ ಮೊಂಡುಗಳು ಹಾಗೇ ನಿಂತಿವೆ. ದಿನಾ ಬಗ್ಗಿ ನೋಡುತ್ತೇನೆ. ಗೋಧಿಕಾಳಷ್ಟು ಉಬ್ಬೂ ಇಲ್ಲ.

ಹಿರಿಯರನ್ನು ಕರೆದು ತೋರಿಸಿದೆ. ಅವರು ಕೂಡಲೇ ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, ಇಲ್ಲಿ ಇನ್ನು ಬರುವುದಿಲ್ಲ ಎಂದರು.

ಜುನಿಪರಿನ ಹಳೆಯ ಕಟ್ಟಿಗೆಯಲ್ಲಿ ಮಲಗಿರುವ ಮೊಗ್ಗುಗಳಿಲ್ಲ. ಕಾಫಿಯ ಬೊಡ್ಡೆಯೊಳಗೆ ಕಣ್ಣುಗಳು ಮುಚ್ಚಿಕೊಂಡು ಕಾಯುತ್ತಿರುತ್ತವೆ, ಮೇಲಿನದು ಹೋದೊಡನೆ ಏಳುತ್ತವೆ. ಇದರಲ್ಲಿ ಹಾಗೆ ಕಾಯುವವರು ಯಾರೂ ಇಲ್ಲ. ಹಸಿರು ಇರುವ ಕಡೆಯಿಂದ ಮಾತ್ರ ಮುಂದಕ್ಕೆ ಬೆಳೆಯುತ್ತದೆ. ಹಸಿರು ದಾಟಿ ಒಳಗೆ ಕತ್ತರಿ ಹೋಯಿತೋ, ಅಲ್ಲಿಗೆ ಆ ಕೊಂಬೆ ಮುಗಿಯಿತು. ಪೊದೆಯ ಒಳಗಿನ ಬೋಳು ಭಾಗವನ್ನು ಇಲ್ಲಿನವರು ಸತ್ತ ವಲಯ ಎಂದೇ ಕರೆಯುತ್ತಾರೆ.

ಸರಿಯಾದ ಕ್ರಮವನ್ನೂ ಅವರು ಕೈಯಿಂದ ಮಾಡಿ ತೋರಿಸಿದರು. ದೊಡ್ಡ ಕತ್ತರಿಯಿಂದ ಹೊರಮೈ ಬೋಳಿಸಬಾರದು. ಚಳಿಗಾಲ ಮುಗಿದು ಹೊಸ ಬೆಳವಣಿಗೆ ಶುರುವಾಗುವ ಮುನ್ನ, ಎಲೆ ಒಣಗಿರುವ ದಿನ ನೋಡಿ, ಸಣ್ಣ ಕತ್ತರಿ ಹಿಡಿದು ಪೊದೆಯೊಳಗೆ ಕೈ ಹಾಕಬೇಕು. ಉದ್ದ ಬಂದ ಒಂದು ಕೊಂಬೆ ಹಿಡಿದು, ಅದರ ಮೇಲೆ ಹಸಿರಿರುವ ಪಕ್ಕದ ಕವಲು ಎಲ್ಲಿ ಹೊರಟಿದೆಯೋ ಅಲ್ಲಿಗೆ ಕತ್ತರಿಸಬೇಕು. ಗಾಯ ಮೇಲಿನ ಕೊಂಬೆಯ ನೆರಳಲ್ಲಿ ಮುಚ್ಚಿಹೋಗುತ್ತದೆ, ಕತ್ತರಿ ಆಡಿದ್ದು ಯಾರಿಗೂ ಕಾಣುವುದಿಲ್ಲ. ವರ್ಷಕ್ಕೆ ಸ್ವಲ್ಪ ಸ್ವಲ್ಪ. ಇದೆಲ್ಲಕ್ಕಿಂತ ಮೊದಲ ಮಾತು, ನೆಡುವಾಗಲೇ ಅದು ಎಷ್ಟು ಅಗಲ ಬೆಳೆಯುತ್ತದೆಂದು ತಿಳಿದು ಜಾಗ ಬಿಡುವುದು. ಫಿಟ್ಸರ್ ಹತ್ತು ಅಡಿ ಅಗಲ ಹೋಗುವ ಗಿಡ. ಇದನ್ನು ಯಾರೋ ಮೆಟ್ಟಿಲಿನಿಂದ ಮೂರಡಿಗೆ ನೆಟ್ಟಿದ್ದಾರೆ.

"ಹೋಗಲಿ ಬಿಡಮ್ಮ, ಗಿಡ ತಾನೆ" ಎಂದಳು ಮಗಳು. ಹೌದು, ಗಿಡವೇ. ಆದರೆ ಕೇಳದೆ ಕಡಿದದ್ದು ನಾನು. ಅದು ನನಗೆ ಹೋಗುವುದಿಲ್ಲ.

ಮೇ 3

ಹಿರಿಯರು ಒಂದು ದಾರಿ ಹೇಳಿದ್ದಾರೆ. ಬೋಳಾದ ಕಡೆಗೆ ಹತ್ತಿರವಿರುವ, ನೆಲಕ್ಕೆ ತಗ್ಗಿದ ಹಸಿರು ಕೊಂಬೆಯೊಂದನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸುವುದು. ಇದು ನನಗೆ ಗೊತ್ತಿರುವ ವಿದ್ಯೆ. ಮಲ್ಲಿಗೆ ಬಳ್ಳಿಯನ್ನು ನಾವೂ ಹೀಗೇ ಹೂಳುತ್ತೇವೆ. ಕೊಂಬೆಯ ಅಡಿಯಲ್ಲಿ ಸಿಪ್ಪೆಯನ್ನು ತುಸು ಕೆತ್ತಿ, ಅಲ್ಲಿನ ಎಲೆ ಬಿಡಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಮಲಗಿಸಿ, ತಂತಿಯ ಕೊಕ್ಕೆ ಚುಚ್ಚಿ, ಮೇಲೆ ಒಂದು ಇಟ್ಟಿಗೆ ಇಟ್ಟೆ. ತುದಿ ಮಾತ್ರ ಹೊರಗೆ. ಮಲ್ಲಿಗೆಗೆ ಮಳೆಗಾಲವೊಂದು ಸಾಕು. ಇದಕ್ಕೆ ಒಂದು ವರ್ಷವೂ ಹಿಡಿಯಬಹುದಂತೆ. ನಾನಿರುವುದು ಸೆಪ್ಟೆಂಬರಿನವರೆಗೆ.

ಹಳೆಯ ಕಟ್ಟಿಗೆಯಿಂದ ಒಂದು ಎಲೆ ಬಿಡಲಾರದ ಗಿಡ ಮಣ್ಣು ತಾಗಿದರೆ ಬೇರು ಬಿಡುತ್ತದೆ. ಏಕೆ ಹೀಗೆ?

ಮೇ 11

ಕೊಂಬೆಗಳಲ್ಲಿ ನೇತಾಡುವ ಎರಡಂಗುಲದ ಕಂದು ಕಾಯಿಗಳನ್ನು ಬಂದಾಗಿನಿಂದ ನೋಡುತ್ತಿದ್ದೆ. ಕಾಯಿಯಲ್ಲ. ಚೀಲ! ಇದೇ ಗಿಡದ ಎಲೆಕಡ್ಡಿಗಳನ್ನು ರೇಷ್ಮೆಯಲ್ಲಿ ಸೇರಿಸಿ ನೇಯ್ದ ಹುಳುವಿನ ಚೀಲ. ಜುನಿಪರ್ ನನಗೆ ಕಾಯಿಯ ವಿಷಯದಲ್ಲಿ ಎರಡನೆಯ ಸಲ ಪಾಠ ಕಲಿಸಿದೆ.

ಹೆಣ್ಣು ಪತಂಗಕ್ಕೆ ರೆಕ್ಕೆಯಿಲ್ಲ. ಅದು ಚೀಲ ಬಿಟ್ಟು ಹೊರಗೆ ಬರುವುದೇ ಇಲ್ಲ. ಒಳಗೇ 500ರಿಂದ 1,000 ಮೊಟ್ಟೆ ಇಟ್ಟು ಒಳಗೇ ತೀರಿಕೊಳ್ಳುತ್ತದೆ. ಮೊಟ್ಟೆಗಳು ಇಡೀ ಚಳಿಗಾಲ ಆ ಚೀಲದಲ್ಲಿ. ಮೇ ಕೊನೆ, ಜೂನ್ ಹೊತ್ತಿಗೆ ಮರಿಗಳು ಹೊರಬಂದು ನೂಲು ಬಿಟ್ಟು ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹೋಗುತ್ತವೆ. ಬೇರೆ ಗಿಡವಾದರೆ ಎಲೆಯೆಲ್ಲ ತಿಂದರೂ ಮತ್ತೆ ಚಿಗುರೀತು. ಜುನಿಪರನ್ನು ಬೋಳು ಮಾಡಿದರೆ ಅಷ್ಟೇ, ಗಿಡ ಸಾಯುತ್ತದೆ. ನಾನು ಕತ್ತರಿಯಿಂದ ಮಾಡಿದ್ದನ್ನೇ ಅವು ಬಾಯಿಂದ ಮಾಡುತ್ತವೆ.

ಔಷಧಿ ಬೇಡವಾಯಿತು. ಮೊಮ್ಮಗಳೂ ನಾನೂ ಸೇರಿ ಒಂದೊಂದನ್ನೇ ಕತ್ತರಿಸಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿದೆವು. ಕಿತ್ತು ನೆಲಕ್ಕೆ ಎಸೆಯಬಾರದು, ಅಲ್ಲಿಂದಲೂ ಒಡೆದು ಹತ್ತುತ್ತವೆ. ರೇಷ್ಮೆಯ ಕುಣಿಕೆಯನ್ನು ಕೊಂಬೆಯಿಂದ ಬಿಡಿಸದಿದ್ದರೆ ಅದು ಕೊಂಬೆಯನ್ನು ಬಿಗಿದು ಒಣಗಿಸುತ್ತದಂತೆ. ಎಣಿಸಿದವಳು ಅವಳು: 63.

ಮೇ 24

ಶನಿವಾರದ ಸಂತೆಯಲ್ಲಿ ತರಕಾರಿಯ ಮಳಿಗೆಗಳ ನಡುವೆ ಒಂದು ಮೇಜು ಹಾಕಿ ಇಬ್ಬರು ಕುಳಿತಿದ್ದರು. ವರ್ಜೀನಿಯಾ ಕೋಆಪರೇಟಿವ್ ಎಕ್ಸ್‌ಟೆನ್ಷನ್ನಿನ ಮಾಸ್ಟರ್ ಗಾರ್ಡನರ್ ಸ್ವಯಂಸೇವಕರು. ರೋಗ ಬಂದ ಕೊಂಬೆ ತಂದು ತೋರಿಸಿದರೆ ಏನೆಂದು ಹೇಳುತ್ತಾರೆ, ದುಡ್ಡಿಲ್ಲ. ನಮ್ಮ ಕೃಷಿ ವಿಜ್ಞಾನ ಕೇಂದ್ರದವರು ಸಂತೆಗೇ ಬಂದು ಕುಳಿತ ಹಾಗೆ.

ಇಳಿಜಾರಿನ ಕೆಳಗಡೆ ಮಂಕಾಗಿರುವ ಜಮಖಾನದ ಒಂದು ಎಳೆ ಒಯ್ದಿದ್ದೆ. ಅವರು ಬಿಳಿ ಹಾಳೆಯ ಮೇಲೆ ಕೊಂಬೆ ತಟ್ಟಿದರು. ಉದುರಿದ ಧೂಳಿನಲ್ಲಿ ಚುಕ್ಕೆಗಳು ನಡೆದಾಡಿದರೆ ನುಸಿ ಎಂದರ್ಥ. ಬಿಸಿಲಿನ ಕಾಲಕ್ಕಿಂತ ವಸಂತದಲ್ಲಿ, ಶರತ್ಕಾಲದಲ್ಲಿ ಇದರ ಕಾಟ. ಯಾವ ಚುಕ್ಕೆಯೂ ನಡೆಯಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಬುಡದಲ್ಲಿ ನೀರು ನಿಲ್ಲುತ್ತದೆಯೇ?

ನಿಲ್ಲುತ್ತದೆ. ನಾನೇ ನಿಲ್ಲಿಸಿದ್ದೇನೆ. ಮಂಕಾಗಿದೆಯಲ್ಲ ಎಂದು ಎರಡು ವಾರದಿಂದ ದಿನಾ ಸಂಜೆ ಪೈಪು ಹಿಡಿದಿದ್ದೇನೆ.

ಇಲ್ಲಿನ ನೆಲ ಕೆಂಪು ಜೇಡಿ, ನಮ್ಮೂರಿನ ಬಣ್ಣವೇ, ಆದರೆ ಅಂಟು. ನೀರು ಕೆಳಗಿಳಿಯುವುದಿಲ್ಲ. ಜುನಿಪರ್ ಬಂಡೆಯ ಸಂದು, ಮರಳು, ಕಡಲ ಗಾಳಿ ತಡೆಯುತ್ತದೆ. ಒದ್ದೆ ಕಾಲು ತಡೆಯುವುದಿಲ್ಲ. ಬೇರು ಕೊಳೆತರೂ ಮೇಲಿನ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ನಮಗೆ ತಿಳಿಯುವಾಗ ಹೊತ್ತು ಮೀರಿರುತ್ತದೆ. ನೆಟ್ಟ ಮೊದಲ ವರ್ಷ ನೀರು ಬೇಕು, ವಾರಕ್ಕೊಮ್ಮೆ ಆಳಕ್ಕೆ. ಬೇರೂರಿದ ಮೇಲೆ ಬರಗಾಲ ಬಂದರೆ ಮಾತ್ರ. ಇನ್ನೊಂದು, ಶರತ್ಕಾಲ ಒಣಗಿಕೊಂಡಿದ್ದರೆ ನೆಲ ಹೆಪ್ಪುಗಟ್ಟುವ ಮುಂಚೆ ಒಮ್ಮೆ; ಏಕೆಂದರೆ ಚಳಿಗಾಲದಲ್ಲೂ ಎಲೆಯಿಂದ ನೀರು ಆರುತ್ತಿರುತ್ತದೆ, ಹೆಪ್ಪುಗಟ್ಟಿದ ಮಣ್ಣಿನಿಂದ ಬೇರಿಗೆ ಸಿಗುವುದಿಲ್ಲ. ಗೊಬ್ಬರ ಕೇಳುವ ಗಿಡವೇ ಅಲ್ಲ. ಬೇಕಾದದ್ದು ದಿನಕ್ಕೆ ಆರು ಗಂಟೆಯಾದರೂ ಬಿಸಿಲು, ಕೊಂಬೆಗಳ ನಡುವೆ ಗಾಳಿ.

ನೀರೂ ಬೇಡ, ಗೊಬ್ಬರವೂ ಬೇಡ, ಕತ್ತರಿಯೂ ಬೇಡ. ಹಾಗಾದರೆ ಬೆಳಿಗ್ಗೆ ಎದ್ದು ನಾನು ಇದಕ್ಕೆ ಮಾಡುವುದೇನು? ನೋಡುವುದು. ಹಳದಿ ತಿರುಗಿತೇ, ಚೀಲ ಕಟ್ಟಿತೇ, ಬುಡ ಒದ್ದೆಯೇ. ನೋಡುವುದೂ ಕೆಲಸವೇ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತಿದೆ.

ಜೂನ್ 8

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನಕ್ಕೆ ಅಳಿಯ ಕರೆದುಕೊಂಡು ಹೋದ. "ಅತ್ತೆ, ನಿಮ್ಮ ಜುನಿಪರ್ ಅಲ್ಲೂ ಇದೆ, ಬನ್ನಿ" ಎಂದ. ಅಲ್ಲಿ ಬೋನ್ಸಾಯ್ ಮ್ಯೂಸಿಯಂ ಇದೆ. 1976ರಲ್ಲಿ ಅಮೆರಿಕದ ಇನ್ನೂರನೆಯ ಹುಟ್ಟುಹಬ್ಬಕ್ಕೆ ಜಪಾನ್ ಕೊಟ್ಟ 53 ಬೋನ್ಸಾಯ್‌ಗಳಿಂದ ಶುರುವಾದದ್ದು. ಕುಂಡದಲ್ಲಿ ಗಿಡವನ್ನು ಕುಗ್ಗಿಸಿ ಇಡುವುದು ನನಗೆ ಹಿಡಿಸದ ಸಂಗತಿ. ಹಾಗೆಂದುಕೊಂಡೇ ಒಳಗೆ ಹೋದೆ.

ಒಂದು ತಟ್ಟೆಯಂಥ ಚಪ್ಪಟೆ ಕುಂಡದ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಹನ್ನೊಂದು ಜುನಿಪರ್‌ಗಳ ಒಂದು ಕಾಡು. ಚೀನಾ ಜುನಿಪರಿನ ಫೋಮಿನಾ ಎಂಬ ತಳಿ. ನೆಟ್ಟಗೆ ನಿಂತ ಕಾಂಡಗಳು, ಕೆಳಗೆ ಪಾಚಿಯ ನೆಲ. ಹೆಸರು ಗೋಶಿನ್, ಆತ್ಮವನ್ನು ಕಾಯುವವನು ಎಂದರ್ಥ. ಮಾಡಿದವರು ಜಾನ್ ನಾಕಾ. ಕೊಲರಾಡೋದಲ್ಲಿ ಹುಟ್ಟಿದ ಜಪಾನೀ ಮೂಲದವರು. 1948ರಲ್ಲಿ ಆರಂಭಿಸಿ, ಮೊಮ್ಮಕ್ಕಳು ಹುಟ್ಟಿದಂತೆ ಗಿಡ ಸೇರಿಸುತ್ತ ಹನ್ನೊಂದು ಮೊಮ್ಮಕ್ಕಳಿಗೆ ಹನ್ನೊಂದು ಮಾಡಿದರು. 1984ರಲ್ಲಿ ಇಲ್ಲಿಗೆ ಕೊಟ್ಟರು. ಅವರು ಹುಟ್ಟಿದ ವರ್ಷ ನೋಡಿದೆ: 1914. ಮೂರನೆಯ ಸಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮರಗಳ ತಲೆ. ತುದಿಗಳು ಸತ್ತಿವೆ. ಸಿಪ್ಪೆ ಸುಲಿದ ಬಿಳಿ ಕಟ್ಟಿಗೆ ಮೂಳೆಯಂತೆ ಹಸಿರಿನ ಮೇಲೆ ಎದ್ದು ನಿಂತಿದೆ. ಅದು ರೋಗವಲ್ಲ, ಹಾಗೇ ಬಿಟ್ಟದ್ದು. ಸತ್ತ ಕೊಂಬೆಯನ್ನು ಹೀಗೆ ಉಳಿಸಿದರೆ ಜಿನ್ ಎನ್ನುತ್ತಾರೆ, ಕಾಂಡದ ಮೇಲೆ ಸಿಪ್ಪೆ ಹೋದ ಬಿಳಿ ಪಟ್ಟಿಗೆ ಶಾರಿ ಎನ್ನುತ್ತಾರೆ. ಗಂಧಕ ಸುಣ್ಣದ ದ್ರಾವಣ ಹಚ್ಚುವುದರಿಂದ ಕೊಳೆಯದೆ ಬಿಳಿಯಾಗಿ ಉಳಿಯುತ್ತದೆ. ಜುನಿಪರಿಗೆ ಈ ಅಲಂಕಾರ ಯಾರೋ ಕಲ್ಪಿಸಿದ್ದಲ್ಲ. ಬೆಟ್ಟದ ಮೇಲೆ ಗಾಳಿ, ಹಿಮ, ಸಿಡಿಲು ಬಡಿದ ಹಳೆಯ ಜುನಿಪರ್‌ಗಳು ನಿಜವಾಗಿಯೂ ಹೀಗೇ ಇರುತ್ತವೆ. ಬಹುಪಾಲು ಮೈ ಸತ್ತು ಬೆಳ್ಳಗಾಗಿ, ಒಂದು ಬದಿಯಲ್ಲಿ ಕೈಯಗಲದ ಸಿಪ್ಪೆಯ ಪಟ್ಟಿ ಮಾತ್ರ ಬೇರಿನಿಂದ ಒಂದು ಹಸಿರು ಕೊಂಬೆಗೆ ನೀರು ಹೊತ್ತುಕೊಂಡು ಹೋಗುತ್ತಿರುತ್ತದೆ. ಯೂಟಾದ ಲೋಗನ್ ಕಣಿವೆಯ ಜಾರ್ಡಿನ್ ಜುನಿಪರ್ ಹಾಗೆ ಸಾವಿರ ವರ್ಷ ದಾಟಿದೆ.

ಕಳೆದುಕೊಂಡ ಕೊಂಬೆಯನ್ನು ಮತ್ತೆ ಪಡೆಯಲಾರದ ಗಿಡ ಸಾವಿರ ವರ್ಷ ಬದುಕುತ್ತದೆ. ನಮ್ಮ ನುಗ್ಗೆ ಎಷ್ಟು ಸಲ ಕಡಿದರೂ ಚಿಗುರುತ್ತದೆ, ಇಪ್ಪತ್ತು ವರ್ಷಕ್ಕೆ ಟೊಳ್ಳು. ನಾನು ಇದನ್ನು ಬಿಡಿಸಲಾರೆ.

ಜೂನ್ 9

ಬೆಳಿಗ್ಗೆಯೇ ಮೆಟ್ಟಿಲ ಕಡೆಯ ಮೊಂಡುಗಳ ಮುಂದೆ ಕುಳಿತೆ. ಕಡಿದು ಬುಡಕ್ಕೆ ಸಮ ಮಾಡಬೇಕೆಂದಿದ್ದೆ. ಬೇಡವೆನ್ನಿಸಿತು. ಅಡುಗೆಮನೆಯ ಸಣ್ಣ ಚಾಕುವಿನಿಂದ ಒಂದರ ಸಿಪ್ಪೆ ಎಬ್ಬಿಸಿದೆ. ನಾರುನಾರಾಗಿ ಉದ್ದಕ್ಕೆ ಸುಲಿದು ಬಂತು. ಒಳಗಿನ ಕಟ್ಟಿಗೆ ನಯ, ಬೆಣ್ಣೆಯ ಬಣ್ಣ. ಮತ್ತೆ ಅದೇ ಪೆನ್ಸಿಲ್ ವಾಸನೆ. ಪೆನ್ಸಿಲ್ ವಾಸನೆ ಎನ್ನುವುದು ತಿರುಗುಮುರುಗು, ಪೆನ್ಸಿಲ್ಲಿಗೇ ಇದರ ವಾಸನೆ. 20ನೇ ಶತಮಾನದ ಆರಂಭದವರೆಗೂ ಅಮೆರಿಕದಲ್ಲಿ ಪೆನ್ಸಿಲ್ ಮಾಡುತ್ತಿದ್ದದ್ದು ಹಿತ್ತಲ ಬೇಲಿಯ ಆ ಕೆಂಪು ಸೀಡರ್ ಮರದಿಂದಲೇ.

ಏಳು ಮೊಂಡು. ಮುಗಿಯಲು ಮೂರು ದಿನ ಹಿಡಿದೀತು.

ಜುಲೈ 19

ಕಡು ಸೆಕೆ. ಹಿರಿಯರ ಮನೆಯ ನಾಯಿ ಮೂಲೆಯ ಜಮಖಾನದ ಮೇಲೆ ದಿನಾ ಕಾಲೆತ್ತುತ್ತದೆ. ಅಲ್ಲಿ ತಟ್ಟೆಯಗಲ ಕಂದು. ಅವರೇ ಬಂದು ಸಂಕೋಚದಿಂದ ಹೇಳಿದರು. ಕಲ್ಲೊಂದನ್ನು ಅಡ್ಡ ಇಟ್ಟೆವು.

ಪೈಪು ಮುಟ್ಟಿಲ್ಲ. ಇಳಿಜಾರಿನ ಕೆಳಗಿನ ಗಿಡ ಮಂಕಾಗಿಯೇ ಇದೆ, ಹೆಚ್ಚಾಗಿಲ್ಲ.

ಆಗಸ್ಟ್ 23

ಜಮಖಾನದ ತುಂಬ ನೀಲಿ ಹಣ್ಣು. ಮೆಣಸಿನ ಕಾಳಿಗಿಂತ ತುಸು ದೊಡ್ಡದು, ಮೇಲೆ ದ್ರಾಕ್ಷಿಗಿರುವಂಥ ಬೂದಿ. ಒರೆಸಿದರೆ ಒಳಗೆ ಕಡುನೀಲಿ. ಈ ಸಲ ಮೋಸ ಹೋಗಲಿಲ್ಲ. ಇದೂ ಹಣ್ಣಲ್ಲ, ಶಂಕು. ಪೈನ್ ಮರದ ಕಾಯಿಯಲ್ಲಿ ಬಿರಿದು ನಿಲ್ಲುವ ಮರದ ಹಲ್ಲೆಗಳೇ ಇಲ್ಲಿ ಮಾಂಸಲವಾಗಿ ಒಂದಕ್ಕೊಂದು ಬೆಸೆದುಕೊಂಡಿವೆ. ಕಣ್ಣಿಗೆ ಹತ್ತಿರ ಹಿಡಿದರೆ ಬೆಸುಗೆಯ ಗೆರೆಗಳೂ ಕಾಣುತ್ತವೆ. ಮೊಮ್ಮಗಳು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು, ಕಸಿದುಕೊಂಡೆ. ಜಿನ್ ಎಂಬ ಮದ್ಯಕ್ಕೆ ಘಮವೂ ಹೆಸರೂ ಬಂದದ್ದು ಸಾಮಾನ್ಯ ಜುನಿಪರಿನ ಕಾಯಿಯಿಂದ ನಿಜ, ಆದರೆ ಎಲ್ಲ ಜುನಿಪರೂ ತಿನ್ನುವಂಥದ್ದಲ್ಲ. ಮೆಟ್ಟಿಲ ಪಕ್ಕದ ಫಿಟ್ಸರಿನ ತಂದೆತಾಯಿಯಲ್ಲಿ ಒಂದಾದ ಸಬೀನಾ ವಿಷವೇ.

ಬೋನ್ಸಾಯಿನ ಸತ್ತ ಕೊಂಬೆಯೂ ಜಿನ್, ಈ ಮದ್ಯವೂ ಜಿನ್. ಎರಡು ಭಾಷೆ, ಒಂದೇ ಗಿಡ.

ಹಿರಿಯರ ಹಿತ್ತಲ ಸೇಬಿನ ಎಲೆಗಳಲ್ಲಿ ಕಿತ್ತಳೆ ಚುಕ್ಕೆಗಳು. ಎಲೆ ತಿರುಗಿಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಕೊಳವೆಗಳು ಗಡ್ಡದಂತೆ. ಏಪ್ರಿಲ್ ಮಳೆಯಲ್ಲಿ ನಮ್ಮ ಬೇಲಿಯಿಂದ ಹೋದದ್ದು ಅಲ್ಲಿದೆ. ಈಗ ಮರಳಿ ಬರುತ್ತಿದೆ. ಆ ಮೊಕದ್ದಮೆಯ ಕಾಲವಾಗಿದ್ದರೆ ನಮ್ಮ ಮರ ಹೋಗುತ್ತಿತ್ತೇನೋ. ಅವರನ್ನು ಕೇಳಿದೆ, ಕಡಿಸೋಣವೇ ಎಂದು. ಸೇಬಿನಲ್ಲಿ ತುಕ್ಕು ತಡೆಯುವ ತಳಿಗಳಿವೆ, ಮುಂದಿನ ಸಲ ಅದನ್ನೇ ನೆಡುತ್ತೇನೆ, ಮರ ಇರಲಿ ಎಂದರು.

ಸೆಪ್ಟೆಂಬರ್ 6

ಅಳಿಯ ಮೆಟ್ಟಿಲ ಪಕ್ಕದ ಪೊದೆ ಕೀಳಿಸಿ ಹೊಸದು ನೆಡುವ ಮಾತೆತ್ತಿದ್ದ. ನೆಡಲು ಇದೇ ಒಳ್ಳೆಯ ಕಾಲ. ಬೇರಿನ ಉಂಡೆಯಷ್ಟೇ ಆಳ, ಅದರ ಎರಡು ಮೂರರಷ್ಟು ಅಗಲ ಗುಂಡಿ ತೆಗೆದು, ಈ ಜೇಡಿಯಲ್ಲಿ ಉಂಡೆಯ ತಲೆ ನೆಲಕ್ಕಿಂತ ಒಂದಂಗುಲ ಮೇಲೇ ಇರುವಂತೆ ಕೂರಿಸಬೇಕು ಎಂದೆಲ್ಲ ನಾನೇ ಅವನಿಗೆ ಹೇಳಿಕೊಟ್ಟೆ. ಕೇಳಿಸಿಕೊಂಡು, ಏಳು ಬಿಳಿ ಕೊಂಬೆಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಬೇಸಿಗೆಯ ಬಿಸಿಲಿಗೆ ಅವು ಬೂದು ಬೆಳ್ಳಿಯಾಗಿವೆ. "ಇರಲಿ ಅತ್ತೆ, ಇದೇ ಇರಲಿ" ಎಂದ.

ಸೆಪ್ಟೆಂಬರ್ 11

ನಾಳೆ ಹೊರಡುವುದು. ಪೆಟ್ಟಿಗೆಗಳೆಲ್ಲ ತೂಕ ನೋಡಿ ಆಯಿತು. ಒಂದು ಕೊಂಬೆಯನ್ನಾದರೂ ಬೈಲುಕುಪ್ಪೆಯ ಆ ಅಜ್ಜಿಗೆ ಒಯ್ಯುವ ಆಸೆಯಿತ್ತು. ಗಿಡಮೂಲದ್ದನ್ನು ಪ್ರಮಾಣಪತ್ರವಿಲ್ಲದೆ ದೇಶ ದಾಟಿಸುವಂತಿಲ್ಲ. ಬೇಲಿಯ ಮರದ ಆ ಗಂಟುಗಳನ್ನು ಕಂಡವಳಿಗೆ ಆ ನಿಯಮ ಸರಿ ಎನ್ನಿಸುತ್ತದೆ.

ಸಂಜೆ ಮೊಮ್ಮಗಳ ಜೊತೆ ಹೋಗಿ ಇಟ್ಟಿಗೆ ಎತ್ತಿದೆ. ತಂತಿಯ ಕೊಕ್ಕೆಯನ್ನೂ ಬಿಡಿಸಿದೆ. ಹೊರಗಿರುವ ತುದಿ ಎರಡು ಬೆರಳಷ್ಟು ಬೆಳೆದಿದೆ, ಸೂಜಿ ಎಲೆ, ಎಳೆ ಬಣ್ಣ. ಆದರೆ ಅದು ತಾಯಿ ಗಿಡದ ಬಲದಿಂದಲೂ ಬೆಳೆದಿರಬಹುದು.

"ಅಜ್ಜಿ, ಎಳೀಬೇಡ" ಎಂದಳು.

ಎರಡು ಬೆರಳಲ್ಲಿ ಹಿಡಿದು ತುಸುವೇ ತುಸು ಮೇಲಕ್ಕೆತ್ತಿದೆ. ಕೊಂಬೆ ಬಂದು ಒಂದು ಕಡೆ ನಿಂತಿತು. ಮುಂದೆ ಬರಲಿಲ್ಲ. ಬಿಟ್ಟು, ಮಣ್ಣು ಒತ್ತಿ, ಕೊಕ್ಕೆ ಚುಚ್ಚಿ, ಇಟ್ಟಿಗೆಯನ್ನು ಅದರ ಜಾಗದಲ್ಲೇ ಇಟ್ಟು ಎದ್ದೆವು.